ಕೆಂಪಾಗದ ಕತ್ತಿ

ನಮ್ಮ ಚಿಕ್ಕಪ್ಪ ಮಾತಾಡುವ ಮೊದಲು ಗಂಟಲು ಸರಿಮಾಡಿಕೊಳ್ಳುತ್ತಾರೆ. ಆಮೇಲೆ ಆಕಾಶ ನೋಡುತ್ತಾರೆ. ಆಮೇಲೆ ಪಂಚೆಯನ್ನು ಎತ್ತಿ ಕಟ್ಟುತ್ತಾರೆ. ಇಷ್ಟೆಲ್ಲ ಸಿದ್ಧತೆಯಾದ ಮೇಲೆ ಹೊರಗೆ ಬರುವುದು "ಹ್ಞೂಂ" ಎನ್ನುವ ಒಂದು ಶಬ್ದ ಮಾತ್ರ. ಇದನ್ನು ನಾನು ಪಂಚೆ ಕಟ್ಟಲು ಬಾರದ ವಯಸ್ಸಿನಿಂದಲೂ ಮಾಡಿ ತೋರಿಸುತ್ತಿದ್ದೇನೆ. ಮದುವೆ ಮನೆಯಲ್ಲಿ ಊಟದ ಎರಡನೇ ಪಂಕ್ತಿ ತಡವಾದರೆ ಸಾಕು, "ಏಯ್, ನಿನ್ನ ಚಿಕ್ಕಪ್ಪನನ್ನು ಸ್ವಲ್ಪ ಕರಿ" ಎಂದು ನನ್ನನ್ನು ಎಳೆದು ನಿಲ್ಲಿಸುತ್ತಾರೆ. ಚಿಕ್ಕಪ್ಪ ಅಲ್ಲೇ ಕೂತಿರುತ್ತಾರೆ. ನಾನು ಮಾಡಿ ಮುಗಿಸಿದ ಮೇಲೆ ಅವರು ಗಂಟಲು ಸರಿಮಾಡಿಕೊಂಡು, ಆಕಾಶ ನೋಡಿ, "ಹ್ಞೂಂ" ಎನ್ನುತ್ತಾರೆ. ಜನ ನನಗಿಂತ ಹೆಚ್ಚು ಅವರಿಗೇ ನಗುತ್ತಾರೆ.

ನಾನು ಯಾರನ್ನೂ ಬಿಟ್ಟವನಲ್ಲ. ವಿರಾಜಪೇಟೆ ಬಸ್ಸಿನ ಕಂಡಕ್ಟರ್, ಮಾಕುಟ್ಟ ಚೆಕ್‌ಪೋಸ್ಟಿನಲ್ಲಿ ಟಾರ್ಚ್ ಬಿಟ್ಟು ಬಾಳೆಗೊನೆಯನ್ನು ವಿಚಾರಣೆ ಮಾಡುವ ಗಾರ್ಡ್, ಸತ್ತವರ ಮನೆಯಲ್ಲಿ ಅಳುತ್ತಲೇ ಕಾಫಿಗೆ ಸಕ್ಕರೆ ಸಾಲದು ಎನ್ನುವ ನಮ್ಮ ದೊಡ್ಡವ್ವ, ಎಲ್ಲರೂ ನನ್ನ ಗಂಟಲಲ್ಲಿ ಬಾಡಿಗೆಗಿದ್ದಾರೆ. ಒಬ್ಬನನ್ನು ಮಾತ್ರ ಮಾಡಲು ಬರುವುದಿಲ್ಲ. ಒಮ್ಮೆ ಗೆಳೆಯನೊಬ್ಬ, "ಎಲ್ಲಿ, ನಿನ್ನನ್ನೇ ಮಾಡು" ಎಂದ. ಬಾಯಿ ತೆರೆದು ನಿಂತೆ. ಏನೂ ಬರಲಿಲ್ಲ. ಮನೆಯ ಯಜಮಾನನೇ ಊರಲ್ಲಿ ಇರಲಿಲ್ಲ.

ಇಂಥವನನ್ನು ಬಿಟ್ಟಂಗಾಲದ ಆಚೆಗಿನ ಒಂದು ಸರ್ಕಾರಿ ಶಾಲೆಗೆ ವಿಜ್ಞಾನದ ಅತಿಥಿ ಶಿಕ್ಷಕನಾಗಿ ತೆಗೆದುಕೊಂಡರು. ಹತ್ತಿರವಾಗಲಿ ಎಂದು ಚಿಕ್ಕಪ್ಪನ ಮನೆಯಲ್ಲೇ ಉಳಿದೆ. ಅತಿಥಿ ಶಿಕ್ಷಕ ಎಂದರೆ ಅತಿಥಿಯೂ ಅಲ್ಲ, ಪೂರ್ತಿ ಶಿಕ್ಷಕನೂ ಅಲ್ಲ. ಊಟಕ್ಕೆ ಕರೆದು ಎಲೆ ಹಾಕದ ಹಾಗೆ. ಆದರೆ ನನ್ನ ರೋಗ ಅಲ್ಲಿ ಮೊದಲ ಬಾರಿಗೆ ಮದ್ದಾಯಿತು. ಧಾತುಗಳಿಗೆಲ್ಲ ಒಂದೊಂದು ಧ್ವನಿ ಕೊಟ್ಟೆ. ಯಾರ ಜೊತೆಗೂ ಬೆರೆಯದ ಹೀಲಿಯಂ ಗಂಟಲು ಸರಿಮಾಡಿಕೊಂಡು "ಹ್ಞೂಂ" ಎಂದಿತು. ಕರೆಯದಿದ್ದರೂ ಎಲ್ಲ ಕಡೆ ನುಗ್ಗಿ, ನುಗ್ಗಿದ ಕಡೆ ತುಕ್ಕು ಹಿಡಿಸುವ ಆಮ್ಲಜನಕಕ್ಕೆ ನಮ್ಮ ಹೆಡ್‌ಮೇಡಂ ಧ್ವನಿ ಕೊಟ್ಟೆ. ಮಕ್ಕಳು ಹೊಟ್ಟೆ ಹಿಡಿದುಕೊಂಡು ನಕ್ಕವು. ನಗು ಒಮ್ಮೆಲೇ ನಿಂತಾಗ ತಿರುಗಿ ನೋಡಿದರೆ ಬಾಗಿಲಲ್ಲಿ ಆಮ್ಲಜನಕವೇ ನಿಂತಿತ್ತು, ಕನ್ನಡಕ ಒರೆಸಿಕೊಳ್ಳುತ್ತಾ.

ಶಾಲೆಯ ಮಾತು ಹಾಗಿರಲಿ. ಮನೆಯಲ್ಲಿ ಆಗ ಇದ್ದ ದೊಡ್ಡ ಸಂಗತಿ ಚಿಕ್ಕವ್ವನ ಒಳ್ಳೆಮೆಣಸು.

ಕಾಫಿ ಚಿಕ್ಕಪ್ಪನದು, ಮೆಣಸಿನ ಬಳ್ಳಿ ಚಿಕ್ಕವ್ವನದು ಎಂದು ಆ ಮನೆಯಲ್ಲಿ ಯಾರೂ ಹೇಳದೆಯೇ ಆದ ಒಪ್ಪಂದ. ಹಿಂದೆ ಸೊರಗು ರೋಗ ಬಂದು ಹಳೆಯ ಬಳ್ಳಿಗಳೆಲ್ಲ ಒಂದೇ ಮಳೆಗಾಲದಲ್ಲಿ ಕಪ್ಪಾಗಿ ಇಳಿದುಹೋಗಿದ್ದವು. ಬಾವಿಯ ಹತ್ತಿರ ಒಂದು ಬಳ್ಳಿ ಮಾತ್ರ ಉಳಿಯಿತು. ಚಿಕ್ಕವ್ವ ಅದರ ಕುಡಿ ಕತ್ತರಿಸಿ, ಪ್ಲಾಸ್ಟಿಕ್ ತೊಟ್ಟೆಯಲ್ಲಿ ನೆಟ್ಟು, ಅಡುಗೆಮನೆಯ ಹಿಂದೆ ನೆರಳಲ್ಲಿ ಸಾಕಿ, ಒಂದೊಂದಾಗಿ ತೋಟದ ನೆರಳಿಗಿದ್ದ ಸಿಲ್ವರ್ ಮರಗಳಿಗೆ ಹಬ್ಬಿಸಿದ್ದರು. ಅವು ಎದೆಯೆತ್ತರ ದಾಟಿ ಮೊದಲ ತೆನೆ ಬಿಟ್ಟದ್ದು ಹೋದ ವರ್ಷ. ಆ ತೆನೆಗಳಲ್ಲಿ ಹೆಚ್ಚಿನವು ಕಾಳು ಕಟ್ಟುವ ಮೊದಲೇ ಉದುರಿದವು. ಚಿಗುರೆಲೆಗಳ ಅಂಚು ಬೆಂಕಿ ತಾಗಿದ ಹಾಗೆ ಸುಟ್ಟಿತ್ತು.

ಸುಟ್ಟದ್ದು ರೋಗದಿಂದಲ್ಲ, ರೋಗ ಬಾರದಿರಲಿ ಎಂದು ಹೊಡೆದ ಮದ್ದಿನಿಂದ. ಮಳೆಗಾಲ ಹಿಡಿಯುವ ಮೊದಲು ನಮ್ಮ ಕಡೆ ಮೆಣಸಿಗೆ ಬೋರ್ಡೋ ಹೊಡೆಯುತ್ತಾರೆ: ನೀಲಿ ಮೈಲುತುತ್ತವನ್ನು ಒಂದು ಕಡೆ ಕರಗಿಸಿ, ಸುಟ್ಟ ಸುಣ್ಣವನ್ನು ಇನ್ನೊಂದು ಕಡೆ ನೀರು ಮಾಡಿ, ಎರಡನ್ನೂ ಡ್ರಮ್ಮಿನಲ್ಲಿ ಬೆರೆಸಿದ ತಿಳಿನೀಲಿ ನೀರು. ತುತ್ತ ಹುಳಿ ಸ್ವಭಾವದ್ದು, ಸುಣ್ಣ ಅದನ್ನು ಸಮಾಧಾನ ಮಾಡುವಂಥದ್ದು. ಸುಣ್ಣ ಕಡಿಮೆಯಾದರೆ ತುತ್ತದ ಸಿಟ್ಟು ಹಾಗೇ ಉಳಿದು ಎಲೆ ಸುಡುತ್ತದೆ. ಹೊಡೆಯದೆ ಬಿಟ್ಟರೆ ಸೊರಗು ರೋಗ ಬರುತ್ತದೆ. ಅದಕ್ಕೇ ತೋಟದವರೆಲ್ಲ ಹೊಡೆಯುವ ಮುಂಚೆ ಒಂದು ಕತ್ತಿಯನ್ನು ಡ್ರಮ್ಮಿನಲ್ಲಿ ಅದ್ದಿ ನೋಡುತ್ತಾರೆ. ಕತ್ತಿ ಕೆಂಪಾಗಿ ಮೇಲೆ ಬಂದರೆ ಇನ್ನೂ ಸುಣ್ಣ ಬೇಕು. ಬಣ್ಣ ಬದಲಾಗದೆ ಬಂದರೆ ಹೊಡೆಯಬಹುದು.

ಚಿಕ್ಕಪ್ಪ ಅದನ್ನೂ ಮಾಡಿದ್ದರು. ಹೋದ ವರ್ಷ ಅವರ ಭಾವಮೈದ ಗಲ್ಫಿನಿಂದ ಬರುವಾಗ ಒಂದು ಕತ್ತಿ ತಂದುಕೊಟ್ಟಿದ್ದ. ಕನ್ನಡಿಯ ಹಾಗೆ ಹೊಳೆಯುವಂಥದ್ದು, ಅದರಲ್ಲಿ ಮೀಸೆ ನೋಡಿಕೊಳ್ಳಬಹುದು. ಚಿಕ್ಕಪ್ಪ ನೋಡಿಕೊಳ್ಳುತ್ತಲೂ ಇದ್ದರು. ಅದು ಬಂದ ಮೇಲೆ ಮನೆಯ ಉಳಿದ ಕತ್ತಿಗಳಿಗೆಲ್ಲ ವಯಸ್ಸಾಯಿತು. ಬಾಳೆ ಕಡಿಯಲು, ಕಾಡು ಕಡಿಯಲು ಆ ಕತ್ತಿ ಮುಟ್ಟುವಂತಿಲ್ಲ. ಬಾಗಿಲ ಪಕ್ಕದ ಮೊಳೆಯಲ್ಲಿ ನೇತಾಡಿಕೊಂಡು ಬಂದವರ ಕೈಯಲ್ಲಿ ಹೊಗಳಿಸಿಕೊಳ್ಳುವುದು, ವರ್ಷಕ್ಕೊಮ್ಮೆ ಬೋರ್ಡೋ ಪರೀಕ್ಷೆ ಮಾಡುವುದು, ಇಷ್ಟೇ ಅದರ ಉದ್ಯೋಗ. ಅದನ್ನು ಅದ್ದಿದರು. ಬೆಳ್ಳಗೆ ಮೇಲೆ ಬಂತು. "ಹ್ಞೂಂ" ಎಂದರು. ಹೊಡೆಸಿದರು. ಬಳ್ಳಿ ಸುಟ್ಟಿತು.

ಕತ್ತಿ ಪಾಸು ಮಾಡಿದ ಮೇಲೂ ಬಳ್ಳಿ ಸುಟ್ಟದ್ದಕ್ಕೆ ಕಾರಣ ಬೇಕಲ್ಲ. ಮೊದಲು ಬಿಸಿಲು ಹೆಚ್ಚಾಯಿತು ಎಂದರು. ಆಮೇಲೆ ತುತ್ತ ಕೊಟ್ಟ ಅಂಗಡಿಯವನಿಗೆ ಬೈದರು. ಕೊನೆಗೆ, ಮದ್ದು ಹೊಡೆಯುವ ಹೊತ್ತಿಗೆ ಬೇಲಿಯ ಆಚೆ ನಿಂತು "ಬಳ್ಳಿ ಎಷ್ಟು ಚಂದ ಬಂದುಟ್ಟು" ಎಂದಿದ್ದ ಪಕ್ಕದ ಮನೆಯ ಅಜ್ಜಿಯ ಕಣ್ಣು ತಾಗಿತು ಎಂದು ತೀರ್ಮಾನ ಮಾಡಿದರು. ಆ ಅಜ್ಜಿಯ ಜೊತೆ ಮಾತು ಬಿಟ್ಟರು. ಚಿಕ್ಕಪ್ಪ ಮಾತು ಬಿಟ್ಟದ್ದು ಆ ಅಜ್ಜಿಗೆ ಬಹಳ ದಿನ ಗೊತ್ತೇ ಆಗಲಿಲ್ಲ ಎನ್ನುವುದು ಬೇರೆ ವಿಷಯ.

ಚಿಕ್ಕವ್ವ ಜಗಳ ಆಡುವವರಲ್ಲ. ಈ ವರ್ಷ ಬಳ್ಳಿ ಮತ್ತೆ ತೆನೆ ಬಿಟ್ಟಾಗ ಅನ್ನ ಬಡಿಸುತ್ತಾ ಒಂದೇ ಮಾತು ಹೇಳಿದರು: "ಈ ಸಲವೂ ಸುಟ್ಟರೆ ನಾ ಇನ್ನು ಕುಡಿ ನೆಡುದಿಲ್ಲೆ. ನಂಗೆ ಸಾಕಾಗುಟ್ಟು." ಚಿಕ್ಕಪ್ಪ ಸೂರನ್ನು ನೋಡಿದರು, ಅಲ್ಲಿ ಆಕಾಶ ಇಲ್ಲದ್ದರಿಂದ. ನಾನು ಅವತ್ತು ಯಾರ ಧ್ವನಿಯನ್ನೂ ಮಾಡಲಿಲ್ಲ. ಬಾವಿಯ ಬಳ್ಳಿಯ ಕುಡಿಗೆ ಚಿಕ್ಕವ್ವ ಚಮಚದಲ್ಲಿ ನೀರು ಹಾಕಿದ್ದನ್ನು ರಜೆಗೆ ಬಂದಾಗ ನೋಡಿದ್ದವನು ನಾನು.

ಈ ವರ್ಷ ಮಳೆ ಸ್ವಲ್ಪ ತಡ ಮಾಡಿತು. ಶಾಲೆ ತೆರೆದ ಮೇಲೂ ಆಕಾಶ ಬರೀ ಮುಖ ಊದಿಸಿಕೊಂಡು ಕೂತಿತ್ತು. ಚಿಕ್ಕಪ್ಪ ಶನಿವಾರ ಬೋರ್ಡೋ ಎಂದು ನಿರ್ಧರಿಸಿದರು. ನನಗೂ ಶನಿವಾರವೇ ಎಂಟನೇ ಕ್ಲಾಸಿಗೆ ಸ್ಥಾನಪಲ್ಲಟ ಕ್ರಿಯೆಯ ಪ್ರಯೋಗ ಬಂತು. ಕಬ್ಬಿಣವನ್ನು ಮೈಲುತುತ್ತದ ದ್ರಾವಣದಲ್ಲಿಟ್ಟರೆ ಅದರ ಮೇಲೆ ತಾಮ್ರ ಕೂರುತ್ತದೆ ಎನ್ನುವ ಪಾಠ. ತೋಟದವರು ಡ್ರಮ್ಮಿಗೆ ಕತ್ತಿ ಅದ್ದಿ ನೋಡುವುದೂ, ಪಠ್ಯಪುಸ್ತಕ ಬೀಕರಿಗೆ ಮೊಳೆ ಹಾಕಿ ನೋಡುವುದೂ ಒಂದೇ.

ಶುಕ್ರವಾರ ಕ್ಲಾಸಿನಲ್ಲಿ ಪಾಠವನ್ನು ಬಸ್ಸಿಗೆ ಹತ್ತಿಸಿದೆ. ವಿರಾಜಪೇಟೆ ಬಸ್ಸು, ಕಿಟಕಿ ಪಕ್ಕದ ಸೀಟು, ಅದರಲ್ಲಿ ಕಾಲು ಚಾಚಿ ಕೂತಿರುವ ತಾಮ್ರ. ಸೀಟು ಎಂದರೆ ಸಲ್ಫೇಟ್. ಅಷ್ಟರಲ್ಲಿ ಹತ್ತುತ್ತಾನೆ ಕಬ್ಬಿಣ, ತಾಮ್ರಕ್ಕಿಂತ ಚುರುಕಿನವನು. "ಸ್ವಲ್ಪ ಏಳಿ" ಎನ್ನುತ್ತಾನೆ. ತಾಮ್ರ ಏಳಲೇಬೇಕು. ಎದ್ದವನು ಎಲ್ಲಿ ನಿಲ್ಲುತ್ತಾನೆ? ಕಬ್ಬಿಣದ ಮೈಗೇ ಒರಗಿಕೊಂಡು. ಕಂಡಕ್ಟರನ ಧ್ವನಿಯಲ್ಲಿ "ಮುಂದೆ ಹೋಗಿ, ಮುಂದೆ ಜಾಗ ಉಂಟು" ಎಂದಾಗ ಕ್ಲಾಸೇ ಬಸ್ಸಾಯಿತು. ಆ ಸಂತೋಷದಲ್ಲಿ ಒಂದು ಮಾತು ಸೇರಿಸಿದೆ: ನಾಳೆ ಎಲ್ಲರೂ ಮನೆಯಿಂದ ಒಂದೊಂದು ಕಬ್ಬಿಣದ ವಸ್ತು ತನ್ನಿ.

ನನ್ನ ಮನಸ್ಸಿನಲ್ಲಿದ್ದದ್ದು ಮೊಳೆ. ಬೇರೆ ಯಾವ ಊರಿನಲ್ಲಾದರೂ ಮೊಳೆಯೇ ಬರುತ್ತಿತ್ತು. ಆದರೆ ಆಯುಧಕ್ಕೆ ಹೂವಿಟ್ಟು ಹಬ್ಬ ಮಾಡುವ ಊರಿನಲ್ಲಿ, ಕಬ್ಬಿಣ ಎಂದರೆ ಕತ್ತಿಯೇ ಎಂದು ಹುಟ್ಟಿದಾಗಿನಿಂದ ನೋಡಿದ ಮಕ್ಕಳಿಗೆ ಇದನ್ನು ಹೇಳಿದವನು ನಾನು.

ಶನಿವಾರ ಬೆಳಿಗ್ಗೆ ಶಾಲೆಯ ಗೇಟಿನ ಒಳಗೆ ಎಂಟನೇ ಕ್ಲಾಸು ಸಾಲಾಗಿ ಬಂತು, ಒಬ್ಬೊಬ್ಬರ ಕೈಯಲ್ಲೂ ಪೇಪರು ಸುತ್ತಿದ ಉದ್ದನೆಯ ಕಟ್ಟು. ಕಾಡು ಕಡಿಯುವ ಕತ್ತಿ, ಕಾಫಿ ಗಿಡದ ರೆಂಬೆ ಸವರಿ ಕಪಾತು ಮಾಡುವ ಕತ್ತಿ, ಮೀನು ಕೊಯ್ಯುವ ಕತ್ತಿ. ಒಬ್ಬ ಗೋಡೆಯಲ್ಲಿ ನೇತುಹಾಕಿದ್ದ, ಅವನಿಗಿಂತ ಸ್ವಲ್ಪವೇ ಗಿಡ್ಡವಾದ, ಹಿರಿಯರು ಯುದ್ಧಕ್ಕೆ ಒಯ್ಯುತ್ತಿದ್ದ ಒಡಿಕತ್ತಿಯನ್ನು ಹೆಗಲ ಮೇಲೆ ಹೊತ್ತಿದ್ದ. ಇನ್ನೊಬ್ಬ ಅಜ್ಜನ ಕೋವಿಯನ್ನೇ ತರಲು ಹೊರಟು ಅಂಗಳದಲ್ಲಿ ಅವ್ವನ ಕೈಗೆ ಸಿಕ್ಕಿಬಿದ್ದು, ಬರಿಗೈಯಲ್ಲಿ ಬರಬಾರದೆಂದು ಗೇಟಿನ ಚಿಲಕ ಬಿಚ್ಚಿ ತಂದಿದ್ದ. ಅವರ ಮನೆಯ ಹಸು ಅವತ್ತು ಇಡೀ ಪಂಚಾಯಿತಿ ಸುತ್ತಿತು ಎಂದು ಆಮೇಲೆ ಕೇಳಿದೆ.

ಹೆಡ್‌ಮೇಡಂ ಸೋಮವಾರಪೇಟೆ ಕಡೆಯವರು. ಕನ್ನಡಕ ತೆಗೆದರು, ಒರೆಸಿದರು, ಹಾಕಿಕೊಂಡು ನೋಡಿದರು. ಕತ್ತಿಗಳು ಕಡಿಮೆಯಾಗಲಿಲ್ಲ.

"ಏನ್ರೀ ಮೇಷ್ಟ್ರೇ ಇದು, ಶಾಲೆನೋ ದಂಡೋ?"

ಸ್ಥಾನಪಲ್ಲಟ ಕ್ರಿಯೆ ಮೇಡಂ, ಎಂದೆ. ಮೊದಲು ನಿಮ್ಮನ್ನು ಸ್ಥಾನಪಲ್ಲಟ ಮಾಡಬೇಕು ಎನ್ನುವ ಹಾಗೆ ನೋಡಿದರು. ಎಲ್ಲ ಕತ್ತಿಗಳನ್ನೂ ನಾನೇ ವಶಪಡಿಸಿಕೊಳ್ಳಬೇಕು, ಮಕ್ಕಳ ಕೈಗೆ ಮತ್ತೆ ಕೊಡಬಾರದು, ಮನೆಯ ದೊಡ್ಡವರೇ ಬಂದು ತೆಗೆದುಕೊಂಡು ಹೋಗಬೇಕು, ಕೊನೆಯ ಕತ್ತಿ ಗೇಟು ದಾಟುವವರೆಗೆ ನಾನು ಶಾಲೆ ಬಿಡಬಾರದು ಎಂದು ಆಜ್ಞೆಯಾಯಿತು. ಹೀಗೆ ಬೆಳಗಿನ ಪ್ರಾರ್ಥನೆ ಮುಗಿಯುವುದರೊಳಗೆ ನಾನು ವಿಜ್ಞಾನದ ಮೇಷ್ಟ್ರಿಂದ ಆಯುಧಾಗಾರದ ಕಾವಲುಗಾರನಾಗಿದ್ದೆ.

ಇದೆಲ್ಲದರ ನಡುವೆ ನನ್ನ ಚೀಲದಲ್ಲೂ ಒಂದು ಕತ್ತಿ ಇತ್ತು. ಮೊಳೆಯಲ್ಲಿ ನೇತಾಡುತ್ತಿದ್ದ ಗಲ್ಫಿನ ಕತ್ತಿ. ಹೊಳೆಯುವ ಬಿಳಿಯ ಮೇಲೆ ಕೆಂಪು ಎದ್ದು ಕಾಣುತ್ತದೆ, ಹಿಂದಿನ ಬೆಂಚಿಗೂ ತೋರಿಸಬಹುದು ಎಂದು ನನ್ನ ಲೆಕ್ಕಾಚಾರ. ಕೇಳಿದರೆ ಕೊಡುವುದಿಲ್ಲ ಎಂದು ಗೊತ್ತಿದ್ದರಿಂದ ಕೇಳಿರಲಿಲ್ಲ. ಚಿಕ್ಕಪ್ಪ ಮದ್ದು ಬೆರೆಸುವುದು ಊಟದ ಮೇಲೆ ಎಂದುಕೊಂಡಿದ್ದೆ, ಅಷ್ಟರಲ್ಲಿ ಅದನ್ನು ಅದರ ಮೊಳೆಗೆ ಮರಳಿಸಿದರಾಯಿತು.

ಪ್ರಯೋಗ ಅಂಗಳದಲ್ಲಿ ನಡೆಯಿತು. ತುತ್ತ ವಿಷ, ಯಾರೂ ಹತ್ತಿರ ಬರಬಾರದು ಎಂದು ಸೀಮೆಸುಣ್ಣದ ಗೆರೆ ಎಳೆದು ಮಕ್ಕಳನ್ನು ಅದರಾಚೆ ನಿಲ್ಲಿಸಿದೆ. ಪ್ಲಾಸ್ಟಿಕ್ ಬಕೆಟಿನ ನೀಲಿ ನೀರಿಗೆ ಒಂದೊಂದೇ ಕತ್ತಿಯ ತುದಿ ಅದ್ದಿ ಸ್ವಲ್ಪ ಹೊತ್ತು ಬಿಟ್ಟು ಎತ್ತಿದೆ. ಕಾಡುಕತ್ತಿ ಕೆಂಪಾಯಿತು. ಮೀನುಕತ್ತಿ ಕೆಂಪಾಯಿತು. ಒಡಿಕತ್ತಿಯನ್ನು ಮುಟ್ಟುವ ಧೈರ್ಯ ನನಗಾಗಲಿಲ್ಲ, ಅದನ್ನು ಗೋಡೆಗೆ ಒರಗಿಸಿ ದೂರದಿಂದಲೇ ನಮಸ್ಕಾರ ಮಾಡಿದೆ. ಗೇಟಿನ ಚಿಲಕ ಎಲ್ಲಕ್ಕಿಂತ ಚೆನ್ನಾಗಿ ಕೆಂಪಾಯಿತು. ಅದನ್ನು ತಂದವನು ಜಾತ್ರೆಯಲ್ಲಿ ಬಹುಮಾನ ಗೆದ್ದ ಎತ್ತಿನ ಒಡೆಯನ ಹಾಗೆ ಸುತ್ತ ನೋಡಿದ. ಪ್ರತಿ ಸಲವೂ ಮಕ್ಕಳು ಒಟ್ಟಿಗೆ, "ತಾಮ್ರ ಎದ್ದ, ಕಬ್ಬಿಣ ಕೂತ" ಎಂದು ಕೂಗಿದವು.

ಕೊನೆಗೆ ನನ್ನ ಕತ್ತಿ ತೆಗೆದೆ. ಬೆಳಕಿಗೆ ಒಮ್ಮೆ ಮಿಂಚಿಸಿ ಅದ್ದಿದೆ. ಎತ್ತಿದೆ. ಬೆಳ್ಳಗಿತ್ತು. ಮತ್ತೆ ಅದ್ದಿ ಕಾದೆ, ಮಕ್ಕಳೂ ಕಾದವು. ಎತ್ತಿದೆ. ಮೊದಲಿಗಿಂತ ಚೊಕ್ಕವಾಗಿತ್ತು.

"ಸಾರ್, ನಿಮ್ಮ ಕಬ್ಬಿಣಕ್ಕೆ ಸೀಟು ಸಿಗಲಿಲ್ಲ ಸಾರ್," ಎಂದಳು ಮುಂದಿನ ಸಾಲಿನ ಒಬ್ಬ ಹುಡುಗಿ. ಅವಳ ಅಪ್ಪ ಹತ್ತಿರದ ಎಸ್ಟೇಟಿನ ರೈಟರ್. ಎಷ್ಟು ಜನ ಬಂದರು, ಎಷ್ಟು ಕೆಲಸವಾಯಿತು ಎಂದು ನೋಡಿಕೊಳ್ಳುವವರು. ಮಗಳಿಗೂ ಅದೇ ಕಣ್ಣು.

ಸ್ಟೇನ್‌ಲೆಸ್ ಸ್ಟೀಲ್ ಎಂದರೆ ಕಬ್ಬಿಣವೇ, ಆದರೆ ಅದರಲ್ಲಿ ಕ್ರೋಮಿಯಂ ಸೇರಿರುತ್ತದೆ, ಅದು ಗಾಳಿ ತಾಗಿದೊಡನೆ ಮೈಮೇಲೆ ಕಣ್ಣಿಗೆ ಕಾಣದ ಒಂದು ತೆಳುವಾದ ಪೊರೆ ಹೊದ್ದುಕೊಳ್ಳುತ್ತದೆ, ಆ ಪೊರೆ ಒಳಗಿನ ಕಬ್ಬಿಣವನ್ನು ಬಸ್ಸು ಹತ್ತಲು ಬಿಡುವುದಿಲ್ಲ ಎಂದು ಹೇಳಿ ಮಾನ ಉಳಿಸಿಕೊಂಡೆ. ಪಾಠ ಅಲ್ಲಿಗೆ ಮುಗಿಸಬಹುದಿತ್ತು. ಆದರೆ ಕೈಯಲ್ಲಿ ಚಿಕ್ಕಪ್ಪನ ಕತ್ತಿ ಇದೆ, ಎದುರಿಗೆ ನೋಡುವ ಜನ ಇದ್ದಾರೆ. ಸುಮ್ಮನಿರಲು ನನ್ನಿಂದಾಗುತ್ತದೆಯೇ? ಈ ಕತ್ತಿಯ ಯಜಮಾನರು ಬೋರ್ಡೋ ನೋಡುವುದು ಹೇಗೆ ಗೊತ್ತಾ ಎಂದು, ಇಲ್ಲದ ಪಂಚೆ ಎತ್ತಿ ಕಟ್ಟಿದೆ. ಬಕೆಟಿಗೆ ಬಗ್ಗಿದೆ. ಕತ್ತಿ ಅದ್ದಿದೆ. ಗಂಟಲು ಸರಿಮಾಡಿಕೊಂಡೆ. ಆಕಾಶ ನೋಡಿದೆ. ಕತ್ತಿ ಎತ್ತಿ ಕಣ್ಣಿನ ಹತ್ತಿರ ಹಿಡಿದು, ಚಿಕ್ಕಪ್ಪ ನೋಡುವ ಹಾಗೆಯೇ ನೋಡಿದೆ. ಬೆಳ್ಳಗಿನ ಕತ್ತಿ. "ಹ್ಞೂ" ಎಂದೆ.

"ಹ್ಞೂ" ಪೂರ್ತಿಯಾಗಲಿಲ್ಲ, ಅರ್ಧಕ್ಕೆ ನಿಂತಿತು. ಬಕೆಟಿನಲ್ಲಿದ್ದದ್ದು ಬರೀ ತುತ್ತದ ನೀರು. ಒಂದು ಚಿಟಿಕೆ ಸುಣ್ಣವೂ ಅದರಲ್ಲಿರಲಿಲ್ಲ. ಯಾವ ಬೋರ್ಡೋ ಡ್ರಮ್ಮಿನಲ್ಲೂ ಅದಕ್ಕಿಂತ ಹುಳಿ ಇರಲಾರದು. ಅದನ್ನೂ ಈ ಕತ್ತಿ ಪಾಸು ಮಾಡಿತ್ತು. ಹೋದ ವರ್ಷ ಚಿಕ್ಕಪ್ಪ ನೋಡಿದ್ದು ಈಗ ನಾನು ನೋಡಿದ್ದನ್ನೇ.

ಮಕ್ಕಳು ಇದೂ ನಟನೆಯೇ ಎಂದುಕೊಂಡು ನಗುತ್ತಲೇ ಇದ್ದವು. ನಾನು ಧ್ವಜದ ಕಟ್ಟೆಗೆ ಓಡಿದೆ, ನಮ್ಮ ಶಾಲೆಯಲ್ಲಿ ನೆಟ್‌ವರ್ಕ್ ಸಿಗುವುದು ಅಲ್ಲಿ ಮಾತ್ರ. ಚಿಕ್ಕಪ್ಪನ ಫೋನು ರಿಂಗಾಯಿತು. ಅವರು ತೋಟಕ್ಕೆ ಇಳಿಯುವಾಗ ಅದನ್ನು ಅಕ್ಕಿ ಡಬ್ಬದಲ್ಲಿಟ್ಟು ಮುಚ್ಚಳ ಹಾಕುತ್ತಾರೆ, ಒದ್ದೆಯಾಗದಿರಲಿ ಎಂದು. ಅಕ್ಕಿ ಉತ್ತರ ಕೊಡಲಿಲ್ಲ. ಹೆಡ್‌ಮೇಡಂ ಹತ್ತಿರ ಹೋಗಿ, ಮನೆಯಲ್ಲಿ ಬಳ್ಳಿ ಸುಡುತ್ತದೆ, ನಾನು ಹೋಗಬೇಕು ಎಂದೆ. ಅವರು ಅಂಗಳದ ಆಯುಧರಾಶಿಯ ಕಡೆ ಬೆರಳು ತೋರಿಸಿದರು.

ಮಧ್ಯಾಹ್ನದ ಬೆಲ್ಲು ಹೊಡೆದ ಮೇಲೆ ದೊಡ್ಡವರು ಒಬ್ಬೊಬ್ಬರಾಗಿ ಬಂದರು, ಕೊಡಗಿನ ಎಲ್ಲ ಭಾಷೆಗಳಲ್ಲೂ ಬೈದರು. ಬೆಳಿಗ್ಗೆಯಿಂದ ಮೀನು ಕೊಯ್ಯಲಾಗದೆ ಕೂತಿದ್ದ ಒಬ್ಬರು ಕತ್ತಿಯ ಮೇಲಿನ ಕೆಂಪು ನೋಡಿ ಹೌಹಾರಿದರು. ಬೂದಿ ಹಾಕಿ ಚೆನ್ನಾಗಿ ತಿಕ್ಕಿ ತೊಳೆದೇ ಅಡುಗೆಗೆ ಮುಟ್ಟಬೇಕೆಂದು ಪ್ರತಿಯೊಬ್ಬರಿಗೂ ಹೇಳಿ ಹೇಳಿ ನನ್ನ ಬಾಯಿ ಒಣಗಿತು. ಒಬ್ಬ ಅಜ್ಜ ಮಾತ್ರ ಬೈಯಲಿಲ್ಲ. ಕತ್ತಿಯನ್ನು ತಿರುಗಿಸಿ ನೋಡಿ, ಇದು ತಾಮ್ರ ಬರುವ ಪಾಠ, ಚಿನ್ನ ಬರುವುದು ಯಾವ ಪಾಠದಲ್ಲಿ ಎಂದು ಮೆಲ್ಲಗೆ ಕೇಳಿದರು. ನಾನು ಆಕಾಶ ನೋಡಿದೆ. ಮುಂಜಾನೆಗಿಂತ ಕಪ್ಪಾಗಿತ್ತು. ಹೀಗಿದ್ದರೆ, ಕತ್ತಿ ಸಿಗದೆ ಪರೀಕ್ಷೆ ತಪ್ಪಿದರೂ ಚಿಕ್ಕಪ್ಪ ಇವತ್ತು ಹೊಡೆಸದೆ ಬಿಡುವವರಲ್ಲ.

ಕೊನೆಗೆ ಬಂದವರು ಆ ಹುಡುಗಿಯ ಅಪ್ಪ, ಎಸ್ಟೇಟ್ ರೈಟರ್, ಮಗಳ ಕಪಾತು ಕತ್ತಿಗೆ. ಮಲಯಾಳಂ ಬೆರೆತ ಕನ್ನಡದವರು. ವಿಷಯ ಕೇಳಿ, "ಹತ್ತಿ ಸಾರೇ, ಮಾತು ಆಮೇಲೆ" ಎಂದು ಬೈಕ್ ತಿರುಗಿಸಿದರು. ಮುಂದೆ ಮಗಳು, ನಡುವೆ ಅವರು, ಹಿಂದೆ ನಾನು, ನನ್ನ ಬೆನ್ನಿಗೆ ಕಟ್ಟಿದ ಚೀಲದಿಂದ ಗಲ್ಫಿನ ಕತ್ತಿಯ ಹಿಡಿ ಹೊರಗೆ ಇಣುಕುತ್ತಿತ್ತು. ಬಿಟ್ಟಂಗಾಲದಲ್ಲಿ ಬಸ್ಸಿಗೆ ಕಾಯುತ್ತಿದ್ದವರೆಲ್ಲ, ಪಾಪ ಯಾರ ಮನೆ ಪಾಲು ಜಗಳವೋ ಎನ್ನುವ ಹಾಗೆ ನೋಡಿದರು.

ದಾರಿಯುದ್ದಕ್ಕೂ ನಾನು ಸುಟ್ಟ ಎಲೆಗಳನ್ನೇ ಕಲ್ಪಿಸಿಕೊಂಡೆ. ಬಾವಿಯ ಹತ್ತಿರದ ಸಾಲು ಮುಗಿದಿರಬಹುದು. ಕೆಳಗಿನ ಸಾಲೂ ಮುಗಿದಿರಬಹುದು. ಚಿಕ್ಕವ್ವ ಏನೂ ಹೇಳದೆ ಒಳಗೆ ಹೋಗಿ ಪಾತ್ರೆ ತೊಳೆಯುತ್ತಾರೆ, ಬೈದರೆ ಎಷ್ಟೋ ಸುಖ.

ಅಂಗಳಕ್ಕೆ ಹಾರಿ ಇಳಿದು, ಚೀಲದಿಂದ ಕತ್ತಿ ಎಳೆದು ಮೇಲೆತ್ತಿ ಹಿಡಿದು, ಹೊಡೆಯಬೇಡಿ, ಹೊಡೆಯಬೇಡಿ ಎನ್ನುತ್ತಾ ಓಡಿದೆ.

ಯಾರೂ ಏನೂ ಹೊಡೆಯುತ್ತಿರಲಿಲ್ಲ. ನೀಲಿ ಡ್ರಮ್ಮಿನ ಪಕ್ಕದಲ್ಲಿ ಬಕೆಟ್ ಕವುಚಿ ಹಾಕಿ ಅದರ ಮೇಲೆ ಚಿಕ್ಕಪ್ಪ ಕೂತಿದ್ದರು. ಪಂಪು ಹಿಡಿಯುವವನು ಕೊಟ್ಟಿಗೆಯ ಜಗಲಿಯಲ್ಲಿ ನಿದ್ದೆ ಹೋಗಿದ್ದ. ಮದ್ದು ಬೆಳಿಗ್ಗೆಯೇ ಬೆರೆಸಿ ಆಗಿತ್ತು. ಆದರೆ ಪರೀಕ್ಷೆ ಮಾಡಲು ಕತ್ತಿ ಇರಲಿಲ್ಲ. ಬೇರೆ ಕತ್ತಿ ಆಗುವುದಿಲ್ಲವೇ ಎಂದು ಚಿಕ್ಕವ್ವ ಕೇಳಿದ್ದರಂತೆ. ಅಂಥ ಕತ್ತಿ ಇರುವಾಗ ತುಕ್ಕು ಹಿಡಿದದ್ದನ್ನು ಮುಟ್ಟುವ ಮಾತೇ ಇಲ್ಲ ಎಂದರಂತೆ. ಮೊದಲು ಚಿಕ್ಕವ್ವನ ಮೇಲೆ, ಆಮೇಲೆ ಪಂಪಿನವನ ಮೇಲೆ, ಆಮೇಲೆ ಮಂಗಗಳ ಮೇಲೆ ಗುಮಾನಿ ಪಟ್ಟು, ಮಂಗಗಳ ವಿಚಾರಣೆಗೆ ಸಿಲ್ವರ್ ಮರಗಳನ್ನೆಲ್ಲ ಬುಡದಿಂದ ನೋಡಿ ಬಂದು ಕೂತಿದ್ದರು. ನಾನು ಆ ಕತ್ತಿ ಒಯ್ದ ಕಾರಣಕ್ಕೇ ಆ ಡ್ರಮ್ಮು ಹಾಗೇ ಉಳಿದಿತ್ತು.

"ಕಳ್ಳ ಸಿಕ್ಕಿದ," ಎಂದರು ಚಿಕ್ಕಪ್ಪ. ಕತ್ತಿ ಕಿತ್ತುಕೊಂಡು ನನ್ನ ಮಾತು ಕಿವಿಗೆ ಹಾಕಿಕೊಳ್ಳುವ ಮೊದಲೇ ಡ್ರಮ್ಮಿನಲ್ಲಿ ಅದ್ದಿ ಎತ್ತಿದರು. ಬೆಳ್ಳಗೆ, ಚಂದ್ರನ ಹಾಗೆ. "ಹ್ಞೂಂ. ಎಬ್ಬಿಸು ಅವನನ್ನು."

ನಾನು ಚಿಕ್ಕವ್ವನ ಮೆಟ್ಟುಕತ್ತಿ ಕೇಳಿದೆ. ಮರದ ಮಣೆಗೆ ಕೂರಿಸಿದ, ಕಾಲಲ್ಲಿ ಮೆಟ್ಟಿ ತರಕಾರಿ ಹೆಚ್ಚುವ ಹಳೆಯ ಕಬ್ಬಿಣದ ಕತ್ತಿ ಅದು. ಚಿಕ್ಕವ್ವ ಅದನ್ನು ಯಾರ ಕೈಗೂ ಕೊಡುವವರಲ್ಲ. ಡ್ರಮ್ಮನ್ನೊಮ್ಮೆ, ಬಳ್ಳಿಗಳನ್ನೊಮ್ಮೆ ನೋಡಿದರು. ಒಳಗೆ ಹೋಗಿ ಮಣೆ ಸಮೇತ ಎತ್ತಿಕೊಂಡು ಬಂದರು. ಅರ್ಧ ಬಕೆಟ್ ಮದ್ದು ತೆಗೆದು ಕೊಟ್ಟೆ. ಅವರೇ ಮಣೆಯನ್ನು ತಲೆಕೆಳಗೆ ಹಿಡಿದು, ಕತ್ತಿಯ ಮೂತಿಯನ್ನು ನೀಲಿ ನೀರಿಗೆ ಇಳಿಸಿ, ಒಂದು ಚೂರೂ ಅಲ್ಲಾಡದೆ ನಿಂತರು.

ಎತ್ತಿದಾಗ ಕತ್ತಿಯ ಮೂತಿ ಎಲೆಯಡಿಕೆ ಹಾಕಿದ ತುಟಿಯ ಹಾಗಿತ್ತು.

ಚಿಕ್ಕಪ್ಪ ಗಂಟಲು ಸರಿಮಾಡಿಕೊಂಡರು. ಆಕಾಶ ನೋಡಿದರು. ಪಂಚೆ ಎತ್ತಿ ಕಟ್ಟಿದರು. ನಾನು ಕಾದೆ. "ಹ್ಞೂಂ" ಬರಲಿಲ್ಲ. ನನ್ನ ಜೀವಮಾನದಲ್ಲಿ ಮೊದಲ ಬಾರಿ.

ಚಿಕ್ಕವ್ವ ಕೆಂಪು ಕತ್ತಿಯನ್ನು ನೋಡುತ್ತಲೇ ಕೇಳಿದರು: "ಹಂಗಾರೆ ಹೋದ ವರ್ಷ ಕಣ್ಣು ಹಾಕಿದ್ದ್ ಯಾರ್?"

ಇಬ್ಬರ ನಡುವೆ ನಿಲ್ಲುವುದು ಕ್ಷೇಮವಲ್ಲ ಎಂದು ನಾನು ಸುಣ್ಣದ ಚೀಲದ ಹತ್ತಿರ ಹೋದೆ. ಅಳತೆಯಲ್ಲಿ ಚಿಕ್ಕಪ್ಪ ತಪ್ಪುವವರಲ್ಲ, ತುತ್ತದಷ್ಟೇ ಸುಣ್ಣ ತೂಗಿ ಹಾಕಿದ್ದಾಗಿ ಪಂಪಿನವನೂ ಸಾಕ್ಷಿ ಹೇಳಿದ. ಹಾಗಾದರೆ ಹುಳಿ ಉಳಿದದ್ದೇಕೆ? ಚೀಲದ ಬಾಯಿ ತೆರೆದೇ ಇತ್ತು. ಒಳಗೆ ಗಟ್ಟಿ ಉಂಡೆ ಒಂದೂ ಇಲ್ಲ, ಎಲ್ಲ ಮೆತ್ತಗಿನ ಪುಡಿ. ಎರಡು ಮಳೆಗಾಲದ ಹಿಂದೆ ತಂದ ಚೀಲ, ಹೋದ ವರ್ಷ ಹಾಕಿದ್ದೂ ಇದರದ್ದೇ ಎಂದರು ಚಿಕ್ಕವ್ವ. ಒಂದು ಹಿಡಿ ತೆಗೆದು ನೀರಿಗೆ ಹಾಕಿದೆ. ಜೀವವಿರುವ ಸುಣ್ಣವಾದರೆ ಬುಸುಗುಟ್ಟಿ, ಕುದಿದು, ಹಬೆ ಎದ್ದು ಪಾತ್ರೆ ಮುಟ್ಟಲಾಗಬಾರದು. ಇದು ತಳಕ್ಕೆ ಹೋಗಿ ತೆಪ್ಪಗೆ ಕೂತಿತು. ಗಾಳಿ ಕುಡಿದು ಕುಡಿದು ಸುಣ್ಣ ಮತ್ತೆ ಕಲ್ಲಿನ ಪುಡಿಯೇ ಆಗಿಬಿಟ್ಟಿತ್ತು, ನನ್ನ ಜೇಬಿನಲ್ಲಿದ್ದ ಸೀಮೆಸುಣ್ಣದ ಹತ್ತಿರದ ನೆಂಟ. ಅಂಥದ್ದು ತುತ್ತವನ್ನು ಏನು ಸಮಾಧಾನ ಮಾಡೀತು?

ರೈಟರ್ ಅಲ್ಲೇ ನಿಂತು ಎಲ್ಲ ನೋಡುತ್ತಿದ್ದರು. ಮನೆಯಲ್ಲಿ ಹೊಸ ಸುಣ್ಣ ಉಂಟು ಎಂದು ಮಗಳನ್ನು ನಮ್ಮಲ್ಲೇ ಬಿಟ್ಟು ಹೋಗಿ, ತಗಡಿನ ಡಬ್ಬದಲ್ಲಿ ಗಟ್ಟಿ ಉಂಡೆಗಳನ್ನು ತಂದುಕೊಟ್ಟರು. ಹಳೆಯ ಮಡಕೆಯಲ್ಲಿ ಅದಕ್ಕೆ ನೀರು ಬಿದ್ದಾಗ ಎದ್ದ ಸದ್ದಿಗೆ ಪಂಪಿನವನು ಪೂರ್ತಿ ಎಚ್ಚರವಾದ. ಹಬೆ ಚಿಕ್ಕಪ್ಪನ ಮುಖದ ತನಕ ಬಂತು. ಮುಖದಲ್ಲಿ ಸ್ವಲ್ಪ ಜೀವ ಬಂದದ್ದೂ ಆಗಲೇ. ಆರಿದ ಸುಣ್ಣದ ನೀರನ್ನು ಬಟ್ಟೆಯಲ್ಲಿ ಸೋಸಿ ಸ್ವಲ್ಪ ಸ್ವಲ್ಪವೇ ಡ್ರಮ್ಮಿಗೆ ಹಾಕಿ ಕಲಕಿದೆವು. ಪ್ರತಿ ಸಲ ಚಿಕ್ಕವ್ವ ಮೆಟ್ಟುಕತ್ತಿ ಒರೆಸಿ ಅದ್ದಿದರು. ಕೆಂಪು. ಮತ್ತೆ ಸುಣ್ಣ. ಮಸುಕು ಕೆಂಪು. ಮತ್ತೆ ಸುಣ್ಣ. ಹುಡುಗಿ ಪಕ್ಕದಲ್ಲಿ ನಿಂತು ತಾಮ್ರ ಎದ್ದನೋ ಇಲ್ಲವೋ ಎಂದು ವರದಿ ಕೊಡುತ್ತಿದ್ದಳು. ಕೊನೆಗೊಮ್ಮೆ ಕತ್ತಿ ಹೇಗೆ ಹೋಗಿತ್ತೋ ಹಾಗೇ ಬಂತು. ಚಿಕ್ಕವ್ವ ಅದನ್ನು ಬೆಳಕಿಗೆ ಹಿಡಿದು, ಬೆರಳಲ್ಲಿ ಸವರಿ ನೋಡಿ, "ಹ್ಞೂಂ" ಎಂದರು.

ಚಿಕ್ಕಪ್ಪ ನನ್ನನ್ನು ನೋಡಿದರು. ನಾನು ನಗಲಿಲ್ಲ. ನಕ್ಕಿದ್ದರೆ ಆ ಮನೆಯಲ್ಲಿ ಅವತ್ತು ನನಗೆ ಊಟವಿರಲಿಲ್ಲ.

ಅವತ್ತು ಸಂಜೆಯೊಳಗೆ ಎಲ್ಲ ಬಳ್ಳಿಗೂ ಮದ್ದು ಬಿತ್ತು. ಬಾವಿಯ ಹತ್ತಿರದ ಹಳೆಯ ಬಳ್ಳಿಗೆ ಚಿಕ್ಕವ್ವ ತಾವೇ ಪಂಪಿನ ಕೊಳವೆ ಹಿಡಿದರು. ಆಕಾಶ ಗುಡುಗಿತು, ಹೆದರಿಸಿತು, ಆದರೆ ಮಳೆ ಬಿದ್ದದ್ದು ಮಾರನೆಯ ದಿನ, ಎಲೆಗಳ ಮೇಲೆ ಮದ್ದು ಒಣಗಿ ತಿಳಿನೀಲಿ ಚುಕ್ಕೆಗಳಾದ ಮೇಲೆ. ಬಿದ್ದ ಮೇಲೆ ನಿಲ್ಲಲಿಲ್ಲ. ಆ ಮಳೆಯಲ್ಲಿ ಚಿಕ್ಕವ್ವ ದಿನವೂ ತಲೆ, ಬೆನ್ನು ಮುಚ್ಚುವ ಗೊರಬು ಹಾಕಿಕೊಂಡು ಹೋಗಿ ಎಲೆ ತಿರುಗಿಸಿ ನೋಡಿ ಬರುತ್ತಿದ್ದರು. ಬಂದು ಏನೂ ಹೇಳುತ್ತಿರಲಿಲ್ಲ. ಒಂದು ದಿನ ಅಡುಗೆಮನೆಯ ಹಿಂದೆ ಹೊಸ ಪ್ಲಾಸ್ಟಿಕ್ ತೊಟ್ಟೆಗಳು ಸಾಲಾಗಿ ನಿಂತಿದ್ದವು, ಒಂದೊಂದರಲ್ಲೂ ಒಂದೊಂದು ಕುಡಿ. ಅದನ್ನು ನೋಡಿ ಚಿಕ್ಕಪ್ಪ ಬಾಳೆಗೊನೆಯೊಂದನ್ನು ಕಡಿದು, ಕಾರಣ ಹೇಳದೆ ಪಕ್ಕದ ಮನೆಯ ಅಜ್ಜಿಯ ಜಗಲಿಯಲ್ಲಿ ಇಟ್ಟು ಬಂದರು. ಅಜ್ಜಿ ಗೊನೆ ಎಷ್ಟು ಚಂದ ಉಟ್ಟು ಎಂದಿದ್ದಕ್ಕೆ ಚಿಕ್ಕಪ್ಪ ಸ್ವಲ್ಪ ಅಂಜಿದರಂತೆ.

ಗಲ್ಫಿನ ಕತ್ತಿ ಈಗಲೂ ಅದೇ ಮೊಳೆಯಲ್ಲಿದೆ. ಅದರ ಪಕ್ಕದಲ್ಲಿ ತುಕ್ಕು ಹಿಡಿದ ಒಂದು ಹಳೆಯ ಕಾಡುಕತ್ತಿ ಬಂದಿದೆ. ಯಾರೂ ಅದರಲ್ಲಿ ಮೀಸೆ ನೋಡಿಕೊಳ್ಳುವುದಿಲ್ಲ.

ಮೊನ್ನೆ ಮೆಣಸು ಕೊಯ್ದು ಅಂಗಳದಲ್ಲಿ ಹರಡಿದ್ದಾಗ ನೆಂಟರು ಬಂದಿದ್ದರು. ಎಂದಿನಂತೆ ಒಬ್ಬರು, ನಿನ್ನ ಚಿಕ್ಕಪ್ಪನನ್ನು ಕರಿ ಎಂದರು. ನಾನು ಎದ್ದು ಪಂಚೆ ಸರಿಮಾಡುವಷ್ಟರಲ್ಲಿ ಚಿಕ್ಕಪ್ಪನೇ ಎದ್ದರು. ಮೊಳೆಯಿಂದ ಆ ಹೊಳೆಯುವ ಕತ್ತಿ ತೆಗೆದು ಅಂಗಳದ ತುದಿಗೆ ಹೋದರು. ಅಲ್ಲಿಂದ ಕತ್ತಿ ಮೇಲೆತ್ತಿ, ಒಂದು ಭುಜ ಇಳಿಬಿಟ್ಟು, ಕಾಲು ಸ್ವಲ್ಪ ಒಳಗೆ ಮಾಡಿ, ಬಾತುಕೋಳಿ ಅಟ್ಟಿಸಿಕೊಂಡು ಬಂದ ಹಾಗೆ ಓಡಿ ಬಂದರು. ನಿಂತು ಏದುಸಿರು ಬಿಟ್ಟರು. ಇಲ್ಲದ ಸೀಮೆಸುಣ್ಣವನ್ನು ಪಂಚೆಯ ಹಿಂಭಾಗಕ್ಕೆ ಒರೆಸಿಕೊಂಡರು. "ಅಂದ್ರೆ ಏನೂಂದ್ರೆ ಚಿಕ್ಕಪ್ಪ, ಅಂದ್ರೆ ಏನೂಂದ್ರೆ..." ಎಂದು ಮೂಗಿನಲ್ಲಿ ಶುರುಮಾಡಿ, ಮುಂದೆ ಏನೂ ಹೇಳದೆ ಎಲ್ಲರ ಮುಖ ನೋಡುತ್ತಾ ನಿಂತರು, ಯಾರಾದರೂ ನಗಲಿ ಎಂದು ಕಾಯುವವನ ಹಾಗೆ.

ನಾನು ಹಾಗೆ ಓಡುತ್ತೇನೆಯೇ, ಮೂಗಿನಲ್ಲಿ ಮಾತಾಡುತ್ತೇನೆಯೇ ಎಂದು ಚಿಕ್ಕವ್ವನನ್ನು ಕೇಳೋಣವೆಂದು ತಿರುಗಿದೆ. ಅವರು ಮೆಣಸಿನ ರಾಶಿಯ ಮಧ್ಯೆ ಕೂತು, ಮಡಿಲಲ್ಲಿದ್ದ ತೆನೆಗಳನ್ನೆಲ್ಲ ನೆಲಕ್ಕೆ ಚೆಲ್ಲಿಕೊಂಡು, ಸೆರಗಿನಲ್ಲಿ ಕಣ್ಣು ಒರೆಸಿಕೊಳ್ಳುತ್ತಾ ನಗುತ್ತಿದ್ದರು. ಉತ್ತರ ಸಿಕ್ಕಿತು.